ಹಳೆಯ ಗಣಕಭಾಷೆಯನ್ನು ತ್ಯಜಿಸುವುದು ಧರ್ಮವೆ?

ಹಳತಾದುದನ್ನು ಏನು ಮಾಡಬೇಕು ಎಂಬುದು ಮೇಲುನೋಟಕ್ಕೆ ಮನೆವಾರ್ತೆಯ ಪ್ರಶ್ನೆ. ಸವೆದ ಪಾತ್ರೆಯನ್ನು ಕೊಟ್ಟು ಹೊಸದನ್ನು ತರುತ್ತೇವೆ. ಹರಿದ ಬಟ್ಟೆಯನ್ನು ನೆಲ ಒರಸಲು ಬಳಸುತ್ತೇವೆ. ಅಲ್ಲಿ ನೀತಿಯ ಜಿಜ್ಞಾಸೆಗೆ ಎಡೆಯಿಲ್ಲ. ಆದರೆ ಆ ಹಳೆಯ ವಸ್ತುವನ್ನು ಆಶ್ರಯಿಸಿ ಅನೇಕರ ಜೀವನ ನಡೆಯುತ್ತಿದ್ದಾಗ, ಅದನ್ನು ಬಲ್ಲವರ ಸಂಖ್ಯೆ ದಿನದಿನಕ್ಕೆ ಕ್ಷೀಣಿಸುತ್ತಿದ್ದಾಗ, ಇಟ್ಟುಕೊಂಡರೂ ಕಷ್ಟ, ಬಿಟ್ಟರೂ ಕಷ್ಟ ಎಂಬ ಸ್ಥಿತಿ ಒದಗಿದಾಗ ಪ್ರಶ್ನೆಯು ಮನೆವಾರ್ತೆಯ ಎಲ್ಲೆಯನ್ನು ದಾಟಿ ಧರ್ಮವಿಚಾರದ ಕ್ಷೇತ್ರವನ್ನು ಪ್ರವೇಶಿಸುತ್ತದೆ. ಗಣಕಯಂತ್ರಗಳ ಲೋಕದಲ್ಲಿ ಇಂಥದೊಂದು ಪ್ರಶ್ನೆ ಹಲವು ದಶಕಗಳಿಂದ ಚರ್ಚೆಯಲ್ಲಿದೆ: ವಯಸ್ಸಾದ ಕ್ರಮವಿಧಿ ಭಾಷೆಯೊಂದನ್ನು ನಿವೃತ್ತಿಗೊಳಿಸಬೇಕೆ, ಬೇಡವೆ?

ಇದು ತಂತ್ರಜ್ಞರಿಗೆ ಬಿಟ್ಟ ವಿಷಯವೆಂದು ವಾಚಕರು ಪುಟ ತಿರುವಬಾರದು. ಠೇವಣಿಯ ಬಡ್ಡಿ, ವಿಮೆಯ ಕಂತು, ವಿಧವೆಯ ನಿವೃತ್ತಿವೇತನ, ಕೆಲಸ ಕಳೆದುಕೊಂಡವನಿಗೆ ಸರ್ಕಾರ ಕೊಡುವ ಭತ್ಯೆ ಮೊದಲಾದವುಗಳನ್ನು ಜಗತ್ತಿನ ಅನೇಕ ಕಡೆ ಲೆಕ್ಕ ಹಾಕುತ್ತಿರುವುದು ನಮ್ಮಲ್ಲಿ ಹಲವರು ಹುಟ್ಟುವುದಕ್ಕೆ ಮುಂಚೆಯೇ ಹುಟ್ಟಿದ ಒಂದು ಭಾಷೆ. ಅದರ ಹೆಸರು ಕೋಬಾಲ್. ಅದನ್ನು ಕೈಬಿಡುವ ನಿರ್ಣಯವಾಗಲಿ, ಇಟ್ಟುಕೊಳ್ಳುವ ನಿರ್ಣಯವಾಗಲಿ, ಕೊನೆಗೆ ತಟ್ಟುವುದು ಆ ಭಾಷೆಯ ಹೆಸರನ್ನೇ ಕೇಳದ ಸಾಮಾನ್ಯ ಜನರಿಗೆ. ಆದ್ದರಿಂದ ಈ ಪ್ರಶ್ನೆಯನ್ನು ನೀತಿಯ ದೃಷ್ಟಿಯಿಂದ ಪರಾಮರ್ಶಿಸುವುದು ಉಚಿತ.

ಭಾಷೆಯ ಹುಟ್ಟು

ಗಣಕಯಂತ್ರಕ್ಕೆ ತಾನಾಗಿ ಏನೂ ತಿಳಿಯದು. ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆದ ಆಜ್ಞೆಗಳನ್ನು ಅದು ಪಾಲಿಸುತ್ತದೆ. ಮನುಷ್ಯನು ಆ ರೀತಿಯಲ್ಲಿ ಬರೆಯುವುದು ದುಸ್ಸಾಧ್ಯವಾದ್ದರಿಂದ ಮನುಷ್ಯನಿಗೂ ಯಂತ್ರಕ್ಕೂ ನಡುವೆ ದುಭಾಷಿಯಂತೆ ನಿಲ್ಲುವ ಕೃತಕ ಭಾಷೆಗಳು ನಿರ್ಮಾಣವಾದವು. ಇವೇ ಕ್ರಮವಿಧಿ ಭಾಷೆಗಳು. ಅವುಗಳಲ್ಲಿ ಬರೆದ ಆಜ್ಞೆಗಳ ಸಮೂಹವೇ ಪ್ರೋಗ್ರಾಮು.

1950ರ ದಶಕದ ಅಮೆರಿಕದಲ್ಲಿ ಯಂತ್ರ ತಯಾರಿಸುವ ಕಂಪನಿಗಳು ತಂತಮ್ಮ ಯಂತ್ರಕ್ಕೆ ತಂತಮ್ಮದೇ ಭಾಷೆಯನ್ನು ರೂಪಿಸಿಕೊಂಡಿದ್ದವು. ಒಂದು ಕಂಪನಿಯ ಯಂತ್ರವನ್ನು ಬಿಟ್ಟು ಇನ್ನೊಂದನ್ನು ಕೊಂಡರೆ ಬರೆದ ಲೆಕ್ಕವೆಲ್ಲ ವ್ಯರ್ಥ. ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಈ ಅಪವ್ಯಯವನ್ನು ತಪ್ಪಿಸಲು ವ್ಯವಹಾರದ ಲೆಕ್ಕಕ್ಕೆ ಎಲ್ಲರಿಗೂ ಸಮಾನವಾದ ಒಂದು ಭಾಷೆ ಬೇಕೆಂಬ ಸಲಹೆಯನ್ನು ಮೇರಿ ಹಾಸ್ ಎಂಬಾಕೆ 1959ರಲ್ಲಿ ಮುಂದಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಆ ದೇಶದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಪೆಂಟಗನ್ ಕಟ್ಟಡದಲ್ಲಿ ಸಭೆ ಸೇರಿತು. ನೌಕಾದಳದ ಅಧಿಕಾರಿಯೂ ಗಣಿತಜ್ಞೆಯೂ ಆಗಿದ್ದ ಗ್ರೇಸ್ ಹಾಪರ್ ಅದಕ್ಕೂ ಮುಂಚೆ ರೂಪಿಸಿದ್ದ ಫ್ಲೋ-ಮ್ಯಾಟಿಕ್ ಎಂಬ ಭಾಷೆ ಹೊಸ ಭಾಷೆಗೆ ಮುಖ್ಯ ಮಾದರಿಯಾಯಿತು. ಜೀನ್ ಸ್ಯಾಮೆಟ್ ಮೊದಲಾದವರು ಅದರ ರಚನೆಯಲ್ಲಿ ದುಡಿದರು. 1960ರಲ್ಲಿ ಭಾಷೆಯ ಲಕ್ಷಣಗ್ರಂಥ ಸಿದ್ಧವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಒಂದೇ ಪ್ರೋಗ್ರಾಮು ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳ ಮೇಲೆ ಓಡಿ ಒಂದೇ ಉತ್ತರವನ್ನು ಕೊಟ್ಟಾಗ ಪ್ರಯತ್ನ ಸಾರ್ಥಕವಾಯಿತು.

ಹಾಪರ್ ಅವರ ಆಶಯ ಇಲ್ಲಿ ಗಮನಾರ್ಹ. ಲೆಕ್ಕದ ಪ್ರೋಗ್ರಾಮನ್ನು ಗಣಿತಜ್ಞನಷ್ಟೇ ಅಲ್ಲ, ಲೆಕ್ಕಿಗನೂ ಓದಿ ತಿಳಿಯುವಂತಿರಬೇಕು ಎಂಬುದು ಅವರ ನಿಲುವು. ಅಂತೆಯೇ ಕೋಬಾಲಿನಲ್ಲಿ ಸಂಕೇತಚಿಹ್ನೆಗಳ ಬದಲು ಸರಳ ಇಂಗ್ಲಿಷ್ ಶಬ್ದಗಳೇ ತುಂಬಿವೆ. ಒಟ್ಟು ಸಂಬಳದಿಂದ ತೆರಿಗೆಯನ್ನು ಕಳೆದು ಉಳಿದುದನ್ನು ನಿವ್ವಳ ಸಂಬಳ ಎಂದು ಇಟ್ಟುಕೊ ಎಂಬಂಥ ವಾಕ್ಯಗಳನ್ನು ಅದರಲ್ಲಿ ಹೆಚ್ಚುಕಡಿಮೆ ಹಾಗೆಯೇ ಬರೆಯಬಹುದು.

ಈ ಭಾಷೆಯ ಮರಣವಾರ್ತೆ ಅದರ ಜನನಕ್ಕಿಂತ ಮೊದಲೇ ಸಿದ್ಧವಾಗಿದ್ದುದು ಇತಿಹಾಸದ ವಿನೋದ. ಸಮಿತಿಯ ಕೆಲಸ ನಿಧಾನವಾಯಿತೆಂದು ಬೇಸತ್ತ ಹೋವರ್ಡ್ ಬ್ರಾಂಬರ್ಗ್ ಎಂಬ ತಂತ್ರಜ್ಞರು ಕೋಬಾಲ್ ಎಂಬ ಹೆಸರನ್ನು ಕೆತ್ತಿಸಿದ ಗೋರಿಕಲ್ಲೊಂದನ್ನು ಸಮಿತಿಯ ಮುಖ್ಯಸ್ಥ ಚಾರ್ಲ್ಸ್ ಫಿಲಿಪ್ಸ್ ಅವರಿಗೆ ಕಳುಹಿಸಿದ್ದರು. ಆ ಕಲ್ಲು ಈಗ ಕ್ಯಾಲಿಫೋರ್ನಿಯದ ಗಣಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಭಾಷೆಯಾದರೋ ಇನ್ನೂ ದುಡಿಯುತ್ತಿದೆ. ಅದರ ಅಂತರರಾಷ್ಟ್ರೀಯ ಮಾನಕದ ಪರಿಷ್ಕೃತ ಆವೃತ್ತಿ 2023ರಲ್ಲಿ ಹೊರಬಂದಿತು.

ತ್ಯಜಿಸಬೇಕೆನ್ನುವವರ ವಾದ

ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮುಂದಿಡದೆ ಖಂಡಿಸುವುದು ನ್ಯಾಯವಲ್ಲ. ಕೋಬಾಲನ್ನು ನಿವೃತ್ತಿಗೊಳಿಸಬೇಕೆನ್ನುವವರ ವಾದದಲ್ಲಿ ಹುರುಳಿದೆ.

ಮೊದಲನೆಯದು ಜನರ ಅಭಾವ. ರಾಯಿಟರ್ಸ್ ಸುದ್ದಿಸಂಸ್ಥೆ 2017ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ಬಳಕೆಯಲ್ಲಿರುವ ಕೋಬಾಲ್ ಸುಮಾರು 22,000 ಕೋಟಿ ಸಾಲುಗಳಷ್ಟು. ಅದನ್ನು ಬರೆದವರಲ್ಲಿ ಬಹುಮಂದಿ ನಿವೃತ್ತರಾಗಿದ್ದಾರೆ, ಅನೇಕರು ತೀರಿಕೊಂಡಿದ್ದಾರೆ. ಹೊಸ ತಲೆಮಾರಿಗೆ ಅದರಲ್ಲಿ ಆಸಕ್ತಿಯಿಲ್ಲ. ಓದಬಲ್ಲವರಿಲ್ಲದ ಬರಹದ ಮೇಲೆ ಕೋಟ್ಯಂತರ ಜನರ ಹಣವನ್ನು ನಿಲ್ಲಿಸುವುದು ವಿವೇಕವೆ ಎಂದು ಈ ಪಕ್ಷದವರು ಕೇಳುತ್ತಾರೆ.

ಎರಡನೆಯದು ವೆಚ್ಚ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2016ರಲ್ಲಿ ಕೊಟ್ಟ ವರದಿಯ ಪ್ರಕಾರ, ಹಿಂದಿನ ಆರ್ಥಿಕ ವರ್ಷದಲ್ಲಿ ಆ ದೇಶದ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನಕ್ಕಾಗಿ ಮಾಡಿದ 8,000 ಕೋಟಿ ಡಾಲರಿಗೂ ಹೆಚ್ಚಿನ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ಇರುವ ವ್ಯವಸ್ಥೆಗಳನ್ನು ನಡೆಸಿಕೊಂಡು ಹೋಗುವುದಕ್ಕೇ ಸಂದಿತ್ತು. ಹಳೆಯದರ ಪೋಷಣೆಯಲ್ಲಿ ಬೊಕ್ಕಸ ಬರಿದಾದರೆ ಹೊಸ ಅಗತ್ಯಗಳಿಗೆ ಏನು ಉಳಿಯುತ್ತದೆ?

ಮೂರನೆಯದು ಸ್ವರೂಪದ ಆಕ್ಷೇಪ. ಡಚ್ ಗಣಕವಿಜ್ಞಾನಿ ಎಡ್ಸ್ಗರ್ ಡೈಕ್ಸ್ಟ್ರಾ 1975ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ ಈ ಭಾಷೆ ಬಳಸುವವನ ಬುದ್ಧಿಯನ್ನೇ ಊನಗೊಳಿಸುತ್ತದೆಂದೂ ಅದನ್ನು ಕಲಿಸುವುದನ್ನು ಅಪರಾಧವೆಂದು ಎಣಿಸಬೇಕೆಂದೂ ಹೇಳಿದರು. ಮಾತು ಕಟುವಾದರೂ ಅದರ ಹಿಂದಿನ ಕಾಳಜಿ ಸುಳ್ಳಲ್ಲ. ಉದ್ದುದ್ದವಾದ ಪ್ರೋಗ್ರಾಮುಗಳು, ಎಲ್ಲೆಂದರಲ್ಲಿ ಜಿಗಿಯುವ ಆಜ್ಞೆಗಳು, ಒಂದೆಡೆ ಮುಟ್ಟಿದರೆ ಇನ್ನೊಂದೆಡೆ ಕೆಡುವ ಕಟ್ಟಡಗಳು ಆ ಕಾಲದ ಬರವಣಿಗೆಯಲ್ಲಿ ನಿಜವಾಗಿಯೂ ಇದ್ದವು.

ಉಳಿಸಬೇಕೆನ್ನುವವರ ವಾದ

ಇನ್ನು ಇದಕ್ಕೆ ಪ್ರತಿಯಾದ ಪಕ್ಷ. ಕೋಬಾಲ್ ಹಣದ ಲೆಕ್ಕಕ್ಕೆಂದೇ ಹುಟ್ಟಿದ ಭಾಷೆ. ನಮ್ಮ ಹತ್ತರ ಪದ್ಧತಿಯ ಅಂಕಿಗಳನ್ನು ಅದು ಇದ್ದಂತೆಯೇ ಇಟ್ಟುಕೊಳ್ಳಬಲ್ಲದು. ಬೇರೆ ಅನೇಕ ಭಾಷೆಗಳಲ್ಲಿ ದಶಮಾಂಶಗಳನ್ನು ಸಾಮಾನ್ಯ ರೀತಿಯಲ್ಲಿ ಬರೆದರೆ ಯಂತ್ರವು ಅವುಗಳನ್ನು ಎರಡರ ಪದ್ಧತಿಗೆ ಪರಿವರ್ತಿಸಿಕೊಳ್ಳುತ್ತದೆ. ಆ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವನ್ನು ನಿಖರವಾಗಿ ಬರೆಯಲು ಬಾರದು. ಅಲ್ಲಿ ಹತ್ತು ಪೈಸೆಯನ್ನು ಹತ್ತು ಸಲ ಕೂಡಿದರೆ ಪೂರ್ತಿ ಒಂದು ರೂಪಾಯಿ ಬಾರದೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಹೊಸ ಭಾಷೆಗಳಲ್ಲಿಯೂ ಇದಕ್ಕೆ ಪರಿಹಾರವಿದೆ. ಆದರೆ ಬರೆಯುವವನು ನೆನಪಿಟ್ಟು ಅದನ್ನು ಆರಿಸಿಕೊಳ್ಳಬೇಕು. ಕೋಬಾಲಿನಲ್ಲಿ ಅದು ಮೊದಲಿನಿಂದಲೂ ಸ್ವಭಾವವಾಗಿದೆ. ಲಕ್ಷಾಂತರ ಖಾತೆಗಳಿಗೆ ವರ್ಷಗಟ್ಟಲೆ ಬಡ್ಡಿ ಹಾಕುವಾಗ ಈ ಸ್ವಭಾವದ ಬೆಲೆ ಅರ್ಥವಾಗುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನಲವತ್ತು ವರ್ಷ ಓಡಿದ ಪ್ರೋಗ್ರಾಮೆಂದರೆ ಬರಿಯ ಆಜ್ಞೆಗಳ ಪಟ್ಟಿಯಲ್ಲ, ಅದೊಂದು ಅನುಭವಕೋಶ. ಯಾವುದೋ ವರ್ಷ ಕಾನೂನು ಬದಲಾದಾಗ ಸೇರಿಸಿದ ಎರಡು ಸಾಲು, ಫೆಬ್ರವರಿ 29ರಂದು ಖಾತೆ ತೆರೆದವರಿಗಾಗಿ ಬರೆದ ನಾಲ್ಕು ಸಾಲು, ಯಾರೋ ಒಬ್ಬ ಪಿಂಚಣಿದಾರಳಿಗೆ ಅನ್ಯಾಯವಾದುದು ಕಂಡುಬಂದ ಮೇಲೆ ಮಾಡಿದ ತಿದ್ದುಪಡಿ, ಇವೆಲ್ಲ ಅದರೊಳಗೆ ಅಡಗಿರುತ್ತವೆ. ಏಕೆ ಬರೆದರೆಂಬುದು ಬೇರೆಲ್ಲಿಯೂ ದಾಖಲಾಗಿರುವುದಿಲ್ಲ. ಹೊರಗಿನಿಂದ ಬಂದವನಿಗೆ ಅನಾವಶ್ಯಕ ಕಸದಂತೆ ಕಾಣುವ ಸಾಲು ವಾಸ್ತವದಲ್ಲಿ ಯಾರದೋ ಹಕ್ಕನ್ನು ಕಾಯುತ್ತಿರಬಹುದು. ಅದನ್ನು ಅರಿಯದೆ ಕಿತ್ತೊಗೆದರೆ ನಷ್ಟವಾಗುವುದು ಆ ಹಕ್ಕುದಾರನಿಗೆ.

ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗುವುದು ಅಸಾಧ್ಯವೇನಲ್ಲ. ಆಸ್ಟ್ರೇಲಿಯದ ಕಾಮನ್‌ವೆಲ್ತ್ ಬ್ಯಾಂಕ್ 2008ರಲ್ಲಿ ತನ್ನ ಮೂಲ ಲೆಕ್ಕವ್ಯವಸ್ಥೆಯನ್ನು ಬದಲಾಯಿಸುವ ಕಾರ್ಯಕ್ಕೆ ಕೈಹಾಕಿ ಅದನ್ನು ಯಶಸ್ವಿಯಾಗಿ ಮುಗಿಸಿತು. ಆದರೆ ಅದಕ್ಕೆ ಹಿಡಿದದ್ದು ಸುಮಾರು ಐದು ವರ್ಷ, ತಗುಲಿದ್ದು 100 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು.

ಅವಸರಿಸಿದವರ ಕಥೆ ಬೇರೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಏಪ್ರಿಲ್ 2018ರಲ್ಲಿ ತನ್ನ ಹಿಂದಿನ ಒಡೆತನದ ಸಮೂಹದಿಂದ ಬಾಡಿಗೆಗೆ ಪಡೆದಿದ್ದ ವ್ಯವಸ್ಥೆಯನ್ನು ಬಿಟ್ಟು ಒಂದು ವಾರಾಂತ್ಯದಲ್ಲಿ ಹೊಸದಕ್ಕೆ ಸ್ಥಳಾಂತರಗೊಂಡಿತು. ಇದು ಬರಿಯ ಭಾಷೆಯ ಬದಲಾವಣೆಯಲ್ಲ, ಇಡೀ ವ್ಯವಸ್ಥೆಯ ಬದಲಾವಣೆ. ಆದರೂ ಪಾಠ ಒಂದೇ. ಲೆಕ್ಕಗಳೇನೋ ಸುರಕ್ಷಿತವಾಗಿ ಸಾಗಿದವು, ಆದರೆ ಅವುಗಳನ್ನು ಹೊತ್ತ ಹೊಸ ವ್ಯವಸ್ಥೆ ಕುಸಿಯಿತು. ಬ್ಯಾಂಕಿನ 52 ಲಕ್ಷ ಗ್ರಾಹಕರಲ್ಲಿ 19 ಲಕ್ಷದಷ್ಟು ಮಂದಿ ತಮ್ಮ ಖಾತೆಗಳನ್ನು ತಾವೇ ನೋಡಲಾಗದೆ ಪರದಾಡಿದರು. ಪರಿಸ್ಥಿತಿ ಪೂರ್ತಿ ಸರಿಹೋಗಲು ಡಿಸೆಂಬರ್ ಬಂತು. 2022ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಗಳು ಆ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡಿಗೂ ಮಿಕ್ಕ ದಂಡ ವಿಧಿಸಿದವು. ಗಮನಿಸಬೇಕಾದುದೆಂದರೆ, ಆ ದಂಡ ಹೊಸದನ್ನು ತಂದುದಕ್ಕಾಗಿ ಅಲ್ಲ. ಬದಲಾವಣೆಯ ಕಾರ್ಯವನ್ನು ಸರಿಯಾಗಿ ಯೋಜಿಸದೆ, ಅದರ ಅಪಾಯಗಳನ್ನು ನಿಭಾಯಿಸದೆ ಹೋದುದಕ್ಕಾಗಿ.

ದೋಷ ಯಾರದು?

ಎರಡು ಪಕ್ಷಗಳನ್ನೂ ನೋಡಿದ ಮೇಲೆ ಒಂದು ಮೂಲಭೂತ ಪ್ರಶ್ನೆ ಏಳುತ್ತದೆ. ನಾವು ಭಾಷೆಯ ಮೇಲೆ ಹೊರಿಸುತ್ತಿರುವ ದೋಷಗಳು ನಿಜವಾಗಿ ಭಾಷೆಯವೆ?

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಜಗತ್ತನ್ನು ಕಾಡಿದ ಎರಡು ಸಾವಿರದ ಇಸವಿಯ ತೊಡಕನ್ನೇ ತೆಗೆದುಕೊಳ್ಳೋಣ. ಹಿಂದೆ ಮಾಹಿತಿಯನ್ನು 80 ಅಂಕಣಗಳ ರಂಧ್ರಪತ್ರಗಳಲ್ಲಿ ಇಡುತ್ತಿದ್ದರು; ಯಂತ್ರದ ಸ್ಮೃತಿಕೋಶ ಬಹು ದುಬಾರಿ. ಜಾಗ ಉಳಿಸಲು 1962 ಎಂಬುದನ್ನು 62 ಎಂದಷ್ಟೇ ಬರೆದರು. 1930ರಲ್ಲಿ ಹುಟ್ಟಿದವನ ವಯಸ್ಸನ್ನು 99ರಿಂದ 30 ಕಳೆದು 69 ಎಂದು ತಿಳಿಯುತ್ತಿದ್ದ ಯಂತ್ರ, ಮರುವರ್ಷ ಸೊನ್ನೆಯಿಂದ 30 ಕಳೆಯಬೇಕಾಯಿತು. ಇದನ್ನು ಕೋಬಾಲಿನ ದೋಷವೆಂದು ಅನೇಕರು ಬಗೆದರು. ಆದರೆ ನಾಲ್ಕು ಅಂಕಿಗಳ ಇಸವಿಯನ್ನು ಬರೆಯಲು ಆ ಭಾಷೆ ಎಂದೂ ಅಡ್ಡಿಯಾಗಿರಲಿಲ್ಲ. ಮಿತವ್ಯಯ ಬರೆದವರದು; ಬೆಲೆ ಇಳಿದ ಮೇಲೂ ತಿದ್ದದೆ ಬಿಟ್ಟ ಆಲಸ್ಯ ಅವರ ನಂತರದವರದು. ಆ ತಿದ್ದುವ ಕೆಲಸದಲ್ಲಿ ಬೆಂಗಳೂರೂ ಸೇರಿದಂತೆ ನಮ್ಮ ದೇಶದ ಹಲವು ನಗರಗಳ ಸಾವಿರಾರು ಯುವಕ ಯುವತಿಯರು 1990ರ ದಶಕದಲ್ಲಿ ತೊಡಗಿದರು. ತಮಗಿಂತ ಹಿರಿದಾದ ಭಾಷೆಯನ್ನು ಕಲಿತು, ಪರದೇಶದ ಅಪರಿಚಿತರು ಬರೆದ ಸಾಲುಗಳನ್ನು ಒಂದೊಂದಾಗಿ ಓದಿ ಸರಿಪಡಿಸಿದರು. 2000ದ ಜನವರಿ ಒಂದರಂದು ದೊಡ್ಡ ಅನಾಹುತವೇನೂ ಆಗದಿದ್ದಾಗ, ಭಯವೇ ಸುಳ್ಳಾಗಿತ್ತೆಂದು ಲೋಕ ನಕ್ಕಿತು. ಚೆನ್ನಾಗಿ ಮಾಡಿದ ಪಾಲನೆಯ ಕೆಲಸ ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ನಿದರ್ಶನ ಹತ್ತಿರದ್ದು. 2020ರ ವಸಂತದಲ್ಲಿ ಮಹಾಮಾರಿಯಿಂದಾಗಿ ಅಮೆರಿಕದಲ್ಲಿ ಒಂದೇ ವಾರದಲ್ಲಿ 60 ಲಕ್ಷಕ್ಕೂ ಹೆಚ್ಚು ಮಂದಿ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರು. ನ್ಯೂಜೆರ್ಸಿ ರಾಜ್ಯದ ಆಗಿನ ಗವರ್ನರ್ ಫಿಲ್ ಮರ್ಫಿ ಏಪ್ರಿಲಿನಲ್ಲಿ ಪತ್ರಿಕಾಗೋಷ್ಠಿಯಲ್ಲಿ ನಿಂತು, ನಲವತ್ತು ವರ್ಷಕ್ಕೂ ಹಳೆಯದಾದ ತಮ್ಮ ವ್ಯವಸ್ಥೆಯನ್ನು ನಿಭಾಯಿಸಲು ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕಾಗಿದ್ದಾರೆಂದು ಕೋರಿದರು. ನಿವೃತ್ತರಾದ ಅನೇಕ ವೃದ್ಧರು ನೆರವಿಗೆ ಮುಂದೆ ಬಂದರು. ಪತ್ರಿಕೆಗಳೆಲ್ಲ ಹಳೆಯ ಭಾಷೆಯನ್ನು ಹಳಿದವು. ಆದರೆ ಗಣಕ ಇತಿಹಾಸವನ್ನು ಅಭ್ಯಸಿಸುವ ಮಾರ್ ಹಿಕ್ಸ್ ಮುಂತಾದವರು ಅದೇ ವರ್ಷ ಬೇರೊಂದು ಅಂಶವನ್ನು ತೋರಿಸಿಕೊಟ್ಟರು: ಅರ್ಜಿಗಳ ಒತ್ತಡಕ್ಕೆ ಕುಸಿದದ್ದು ಹಿಂದಿನ ಕೋಬಾಲ್ ಭಾಗವಲ್ಲ, ಅರ್ಜಿಯನ್ನು ತುಂಬಲು ಮುಂದೆ ಜೋಡಿಸಿದ್ದ, ಅದಕ್ಕಿಂತ ಬಹು ಹೊಸದಾದ ಭಾಗ. ಜೊತೆಗೆ, ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದವರನ್ನು ಖರ್ಚು ಉಳಿಸಲೆಂದು ವರ್ಷಗಳ ಮೊದಲೇ ಕಡಿಮೆ ಮಾಡಿದ್ದರ ಫಲವೂ ಅಲ್ಲಿತ್ತು.

ಮನೆಬಾಡಿಗೆ ಕಟ್ಟಲಾಗದೆ ಭತ್ಯೆಗಾಗಿ ಕಾದು ಕುಳಿತವನಿಗೆ ಯಾವ ಭಾಷೆ ಕೆಟ್ಟಿತೆಂಬುದು ಮುಖ್ಯವಲ್ಲ. ಅವನಿಗೆ ಆದ ನೋವು ನಿಜ. ಆ ನೋವಿನ ಮೂಲ ಯಾರ ದ್ವೇಷದಲ್ಲಿಯೂ ಇರಲಿಲ್ಲ, ಎಚ್ಚರಗೇಡಿತನದಲ್ಲಿತ್ತು. ಪ್ರಮಾದವೇ ಪರಪೀಡೆಗೆ ಕಾರಣವಾಗಬಲ್ಲದೆಂದು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಲಿಸುವುದನ್ನು ನಿಲ್ಲಿಸಿದೆವು, ಕಲಿತವರನ್ನು ಗೌರವಿಸಲಿಲ್ಲ, ಬರೆದದ್ದಕ್ಕೆ ಕಾರಣಗಳನ್ನು ದಾಖಲಿಸಲಿಲ್ಲ; ಕೊನೆಗೆ ಬಲ್ಲವರಿಲ್ಲವೆಂದು ಭಾಷೆಯನ್ನೇ ದೂಷಿಸಿದೆವು. ತಾತ್ಸಾರದಿಂದ ಹುಟ್ಟಿದ ಅಭಾವವನ್ನು ತಾತ್ಸಾರಕ್ಕೆ ಸಮರ್ಥನೆಯಾಗಿ ಬಳಸುವುದು ನ್ಯಾಯಸಮ್ಮತವಲ್ಲ.

ಕ್ರಮವರಿತ ಒಂದು ನಿವೃತ್ತಿ

ಹಾಗಾದರೆ ಯಾವ ಭಾಷೆಯನ್ನೂ ಎಂದೂ ನಿವೃತ್ತಿಗೊಳಿಸಬಾರದೆ? ಹಾಗೆ ಹೇಳುವುದು ಇನ್ನೊಂದು ಬಗೆಯ ಏಕಾಂತವಾದವಾದೀತು. ಪೈಥಾನ್ ಎಂಬ ಭಾಷೆಯ ಎರಡನೆಯ ಆವೃತ್ತಿಯ ವೃತ್ತಾಂತ ಇಲ್ಲಿ ಬೋಧಪ್ರದ.

ಗೀಡೋ ವಾನ್ ರಾಸಮ್ ಎಂಬ ಡಚ್ ತಂತ್ರಜ್ಞರು ರಚಿಸಿದ ಪೈಥಾನ್ 1991ರಲ್ಲಿ ಬೆಳಕಿಗೆ ಬಂದಿತು. ಅದರ ಎರಡನೆಯ ಆವೃತ್ತಿಯಲ್ಲಿ ನಮ್ಮಂಥವರಿಗೆ ನೇರವಾಗಿ ತಟ್ಟುವ ಒಂದು ಕೊರತೆಯಿತ್ತು. ಬರಹವೆಂದರೆ ರೋಮನ್ ಅಕ್ಷರವೆಂಬ ಹಳೆಯ ಎಣಿಕೆಯ ಮೇಲೆ ಅದು ನಿಂತಿತ್ತು. ಕನ್ನಡದ ‘ಕ’ ಅಕ್ಷರವನ್ನು ಕೊಟ್ಟು ಇದರ ಉದ್ದವೆಷ್ಟು ಎಂದು ಸಾಮಾನ್ಯ ರೀತಿಯಲ್ಲಿ ಕೇಳಿದರೆ ಮೂರು ಎನ್ನುತ್ತಿತ್ತು. ಏಕೆಂದರೆ ಅದು ಅಕ್ಷರವನ್ನು ಎಣಿಸದೆ, ಅಕ್ಷರವನ್ನು ಇಡಲು ಯಂತ್ರಕ್ಕೆ ಬೇಕಾದ ಕೋಶಗಳನ್ನು ಎಣಿಸುತ್ತಿತ್ತು. ಬೇರೆ ವಿಧಾನವಿದ್ದರೂ ಎರಡೂ ಬೆರೆತು ಗೊಂದಲವಾಗುತ್ತಿತ್ತು. ಡಿಸೆಂಬರ್ 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಜಗತ್ತಿನ ಎಲ್ಲ ಲಿಪಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಯೂನಿಕೋಡ್ ಪದ್ಧತಿಯೇ ಸಹಜ ಕ್ರಮವಾಯಿತು; ಅಲ್ಲಿ ‘ಕ’ ಒಂದೇ ಅಕ್ಷರ. ಇಂಥ ಸುಧಾರಣೆಯನ್ನು ಹಳೆಯದನ್ನು ಮುರಿಯದೆ ತರಲು ಸಾಧ್ಯವಿರಲಿಲ್ಲ. ಎರಡನೆಯ ಆವೃತ್ತಿಯಲ್ಲಿ ಬರೆದ ಪ್ರೋಗ್ರಾಮುಗಳು ಮೂರನೆಯದರಲ್ಲಿ ಇದ್ದಂತೆಯೇ ಓಡುತ್ತಿರಲಿಲ್ಲ.

ಆಗ ಅದರ ಪಾಲಕರು ಏನು ಮಾಡಿದರು? ಹಳೆಯದನ್ನು ಥಟ್ಟನೆ ನಿಲ್ಲಿಸಲಿಲ್ಲ. ಎರಡನ್ನೂ ಜೊತೆಯಾಗಿ ನಡೆಸಿದರು. 2010ರಲ್ಲಿ ಹಳೆಯ ಶಾಖೆಯ ಕೊನೆಯ ಮುಖ್ಯ ಆವೃತ್ತಿಯನ್ನು ಹೊರತಂದು 2015ರವರೆಗೆ ಅದರ ದೋಷಗಳನ್ನು ತಿದ್ದುವುದಾಗಿ ಹೇಳಿದರು. ಜನ ಇನ್ನೂ ಸಿದ್ಧರಾಗಿಲ್ಲವೆಂದು ಕಂಡಾಗ 2014ರಲ್ಲಿ ಆ ಗಡುವನ್ನು 2020ಕ್ಕೆ ಮುಂದೂಡಿದರು. ಹಳೆಯದನ್ನು ಹೊಸದಕ್ಕೆ ಪರಿವರ್ತಿಸಲು ನೆರವಾಗುವ ಸಲಕರಣೆಗಳನ್ನು ಒದಗಿಸಿದರು. 2020ರ ಜನವರಿ 1ರಂದು ಹೊಣೆಯಿಂದ ಬಿಡುಗಡೆ ಪಡೆದು, ಏಪ್ರಿಲಿನಲ್ಲಿ ಕೊನೆಯ ತಿದ್ದುಪಡಿಯನ್ನು ಪ್ರಕಟಿಸಿ ಕೈಮುಗಿದರು. ಮೂಲಪಾಠ ಎಲ್ಲರಿಗೂ ಮುಕ್ತವಾಗಿಯೇ ಉಳಿಯಿತು; ಬೇಕಾದ ಕೆಲವು ಸಂಸ್ಥೆಗಳು ತಮ್ಮ ಗ್ರಾಹಕರಿಗಾಗಿ ಅನಂತರವೂ ಅದನ್ನು ಕಾಪಾಡಿಕೊಂಡು ಬಂದವು.

ಹನ್ನೊಂದು ವರ್ಷಗಳ ಈ ಅವಧಿ ದೀರ್ಘವಾಯಿತೆಂದು ಆಕ್ಷೇಪಿಸಿದವರಿದ್ದಾರೆ, ಸಾಲದೆಂದು ಕೊರಗಿದವರೂ ಇದ್ದಾರೆ. ಆದರೆ ಆ ಪಾಲಕರಲ್ಲಿ ಅನೇಕರು ವೇತನವಿಲ್ಲದೆ ಸ್ವಇಚ್ಛೆಯಿಂದ ದುಡಿಯುತ್ತಿದ್ದವರೆಂಬುದನ್ನು ಮರೆಯಬಾರದು. ಉಪಕಾರ ಮಾಡುತ್ತಿರುವವನಿಗೆ ಇನ್ನು ಸಾಕೆನ್ನುವ ಹಕ್ಕು ಇದೆ. ಆ ಹಕ್ಕನ್ನು ಅವರು ಮುನ್ಸೂಚನೆ ಕೊಟ್ಟು, ದಾರಿ ತೋರಿಸಿ, ಕಾದು ಚಲಾಯಿಸಿದರು.

ನಿವೃತ್ತಿಯ ನಿಯಮಗಳು

ಈ ಎರಡು ವೃತ್ತಾಂತಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕೆಲವು ನಿಯಮಗಳು ಹೊಳೆಯುತ್ತವೆ.

ಮೊದಲನೆಯದಾಗಿ, ವಯಸ್ಸು ದೋಷವಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಭಾಷೆಯನ್ನು ಬಿಡುವುದು ಅವಿಚಾರ. ಹಳೆಯದು ಎಂಬ ಒಂದೇ ಕಾರಣಕ್ಕೆ ಅದಕ್ಕೆ ಅಂಟಿಕೊಳ್ಳುವುದು ಮೋಹ. ಅದು ಇಂದಿನ ಕೆಲಸವನ್ನು ನಿಖರವಾಗಿ ಮಾಡುತ್ತಿದೆಯೇ, ಯಾರನ್ನಾದರೂ ಹೊರಗಿಡುತ್ತಿದೆಯೇ ಎಂಬುದಷ್ಟೇ ವಿಚಾರಣೀಯ. ಪೈಥಾನಿನ ಹಳೆಯ ಆವೃತ್ತಿ ರೋಮನೇತರ ಲಿಪಿಗಳಿಗೆ ಎರಡನೆಯ ಸ್ಥಾನ ಕೊಟ್ಟಿತ್ತು; ಅದನ್ನು ಬಿಡಲು ಅದು ಸಕಾರಣ. ಕೋಬಾಲ್ ಹಣವನ್ನು ಇಂದಿಗೂ ಸರಿಯಾಗಿ ಎಣಿಸುತ್ತಿದೆ. ಅದನ್ನು ಅವಸರದಿಂದ ಬಿಡದಿರಲು ಅದು ಸಕಾರಣ.

ಎರಡನೆಯದಾಗಿ, ಅರಿಯದೆ ತ್ಯಜಿಸಬಾರದು. ಹಳೆಯ ಪ್ರೋಗ್ರಾಮಿನ ಪ್ರತಿಯೊಂದು ಸಾಲು ಏನು ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದನ್ನು ತಿಳಿದ ಮೇಲೆಯೇ ಅದನ್ನು ಬದಲಾಯಿಸುವ ಅಧಿಕಾರ ಬರುತ್ತದೆ. ಈಚೆಗೆ, 2023ರಿಂದ, ಕೋಬಾಲನ್ನು ಬೇರೆ ಭಾಷೆಗೆ ಪರಿವರ್ತಿಸಲು ಕೃತಕ ಬುದ್ಧಿಮತ್ತೆಯ ಸಲಕರಣೆಗಳನ್ನು ಐಬಿಎಂ ಮುಂತಾದ ಕಂಪನಿಗಳು ಮುಂದಿಡುತ್ತಿವೆ. ಅವು ಉಪಯುಕ್ತವೇ ಸರಿ. ಆದರೆ ಒಂದು ಭಾಷೆಯ ಸಾಲನ್ನು ಇನ್ನೊಂದಕ್ಕೆ ತಿರುಗಿಸುವುದು ಬೇರೆ, ಆ ಸಾಲು ಯಾರ ಹಕ್ಕನ್ನು ಕಾಯುತ್ತಿದೆಯೆಂದು ತಿಳಿಯುವುದು ಬೇರೆ. ಎರಡನೆಯದರ ಹೊಣೆ ಮನುಷ್ಯನದೇ; ಅದನ್ನು ಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳಲಾಗದು.

ಮೂರನೆಯದಾಗಿ, ಬದಲಾಯಿಸುವುದಾದರೆ ಭಾಗಭಾಗವಾಗಿ, ಹಳೆಯದನ್ನೂ ಹೊಸದನ್ನೂ ಜೊತೆಯಲ್ಲಿ ಓಡಿಸಿ, ಎರಡರ ಉತ್ತರವನ್ನೂ ತಾಳೆ ನೋಡಿ ಬದಲಾಯಿಸಬೇಕು. ಜೀರ್ಣೋದ್ಧಾರದ ಕ್ರಮವನ್ನು ಬಲ್ಲ ನಮ್ಮ ಟ್ರಸ್ಟುಗಳಿಗೆ ಇದು ಹೊಸ ಮಾತಲ್ಲ. ಬಿರುಕು ಬಿಟ್ಟ ಕಂಬವನ್ನು ತೆಗೆಯುವ ಮೊದಲು ಮೇಲಿನ ಭಾರಕ್ಕೆ ಆಧಾರ ಕೊಡುತ್ತೇವೆ. ಕಂಬವನ್ನು ಮೊದಲು ಉರುಳಿಸಿ ಆಮೇಲೆ ಆಧಾರವನ್ನು ಹುಡುಕುವವನನ್ನು ಯಾರೂ ಶಿಲ್ಪಿಯೆನ್ನುವುದಿಲ್ಲ.

ನಾಲ್ಕನೆಯದಾಗಿ, ಉಳಿಸುವುದಾದರೆ ಉಳಿಸುವವರನ್ನೂ ಉಳಿಸಬೇಕು. ಹಳೆಯ ವ್ಯವಸ್ಥೆ ಬೇಕು, ಅದನ್ನು ಕಾಯುವವರ ಸಂಬಳ ಬೇಡ ಎಂಬುದು ಲೋಭ. ತರುಣನೊಬ್ಬನು ತನ್ನ ಆಯುಷ್ಯದ ಒಳ್ಳೆಯ ವರ್ಷಗಳನ್ನು ಹಳೆಯ ಭಾಷೆಯ ಪಾಲನೆಗೆ ಕೊಡಬೇಕಾದರೆ ಅವನಿಗೆ ನ್ಯಾಯವಾದ ವೇತನವೂ, ಕೀಳು ಕೆಲಸದವನೆಂಬ ಅವಹೇಳನದಿಂದ ಮುಕ್ತಿಯೂ, ಹೊಸದನ್ನು ಕಲಿಯುವ ಅವಕಾಶವೂ ಇರಬೇಕು. ವೃದ್ಧ ತಜ್ಞರನ್ನು ಸಂಕಟ ಬಂದಾಗ ಮಾತ್ರ ಸ್ಮರಿಸಿ ಪುಕ್ಕಟೆ ಸೇವೆಗೆ ಕರೆಯುವುದು ಕೃತಜ್ಞತೆಯ ಲಕ್ಷಣವಲ್ಲ.

ಇದರಿಂದ ನಿರ್ಣಯವೂ ಸ್ಪಷ್ಟವಾಗುತ್ತದೆ. ಕೋಬಾಲಿಗೆ ಒಡೆಯನೊಬ್ಬನಿಲ್ಲ; ಯಾರೂ ಆಜ್ಞೆ ಹೊರಡಿಸಿ ಅದನ್ನು ನಿವೃತ್ತಿಗೊಳಿಸಲಾರರು. ಅದನ್ನು ಬಳಸುವ ಒಂದೊಂದು ಸಂಸ್ಥೆಯೂ ತನ್ನ ಮಟ್ಟಿಗೆ ನಿರ್ಧರಿಸಬೇಕು. ಹೊಸ ಕಾರ್ಯಗಳನ್ನು ಅದರಲ್ಲಿ ಆರಂಭಿಸದಿರುವುದು ವಿವೇಕ. ಇರುವುದನ್ನು ಶ್ರದ್ಧೆಯಿಂದ ಪಾಲಿಸುತ್ತ, ದಾಖಲಿಸುತ್ತ, ಸಮಯ ಒದಗಿದಂತೆ ಒಂದೊಂದೇ ಭಾಗವನ್ನು ಹೊಸದಕ್ಕೆ ಸಾಗಿಸುವುದು ಕರ್ತವ್ಯ. ಪಾಲಿಸದೆಯೂ ಬದಲಾಯಿಸದೆಯೂ ಕುಸಿಯುವವರೆಗೆ ಕಾಯುವುದು ಮಾತ್ರ ಅಧರ್ಮ. ದುರದೃಷ್ಟವಶಾತ್ ಹೆಚ್ಚಿನವರು ಹಿಡಿದಿರುವುದು ಇದೇ ದಾರಿ.

ನಮ್ಮ ಕರ್ತವ್ಯ

ದೂರದ ಬ್ಯಾಂಕುಗಳ ವಿಷಯವಾಗಿ ಇಷ್ಟು ಹೇಳಿದ ಮೇಲೆ ನಮ್ಮ ಕಪಾಟುಗಳನ್ನೂ ಒಮ್ಮೆ ತೆರೆದು ನೋಡುವುದು ಯುಕ್ತ. ಕರ್ನಾಟಕದಲ್ಲಿ 1990ರ ದಶಕದಿಂದ ಕನ್ನಡದ ಬರಹವನ್ನು ಗಣಕಯಂತ್ರಕ್ಕೆ ಏರಿಸಿದವರು ಬಹುವಾಗಿ ಬಳಸಿದ್ದು ಶ್ರೀಲಿಪಿ, ಬರಹ, ನುಡಿ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳನ್ನು. ಕನ್ನಡವನ್ನು ಯಂತ್ರದಲ್ಲಿ ಸಾಧ್ಯವಾಗಿಸಿದ ಉಪಕಾರ ಅವುಗಳದು. ಆದರೆ ಯೂನಿಕೋಡಿಗೆ ಮುಂಚಿನ ಆ ಪದ್ಧತಿಯಲ್ಲಿ ಉಳಿಸಿದ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ದಾನಿಗಳ ಪಟ್ಟಿ, ಆಸ್ತಿಯ ವಿವರ, ಹಳೆಯ ಸಂಚಿಕೆಗಳ ಲೇಖನ, ಊರಿನ ಕುಟುಂಬಗಳ ವಂಶಾವಳಿ ಎಷ್ಟೋ ಕಡೆ ಇಂಥ ಕಡತಗಳಲ್ಲಿಯೇ ಇರಬಹುದು. ಲೆಕ್ಕ ಬರೆಯುವ ತಂತ್ರಾಂಶಗಳ ಸ್ಥಿತಿಯೂ ಇದೇ. ಅದನ್ನು ಬಲ್ಲ ಗುಮಾಸ್ತರೊಬ್ಬರು ನಿವೃತ್ತರಾದರೆ ಹತ್ತು ವರ್ಷದ ಲೆಕ್ಕಕ್ಕೆ ಬೀಗ ಬಿದ್ದಂತೆ.

ಆದ್ದರಿಂದ ಪ್ರತಿಯೊಂದು ಟ್ರಸ್ಟು ತನ್ನ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ನಮ್ಮ ದಾಖಲೆಗಳು ಯಾವ ತಂತ್ರಾಂಶದಲ್ಲಿವೆ? ಅದನ್ನು ಬಲ್ಲವರು ಎಷ್ಟು ಮಂದಿ? ಅವರು ನಾಳೆ ಬಾರದಿದ್ದರೆ ಆ ದಾಖಲೆಯನ್ನು ಓದುವವರು ಯಾರು? ಉತ್ತರ ಸಮಾಧಾನಕರವಲ್ಲದಿದ್ದರೆ ಬಲ್ಲವರು ಇರುವಾಗಲೇ ಅವರನ್ನು ಕೂರಿಸಿಕೊಂಡು, ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ತಾಳೆ ನೋಡಿ, ಕಾಗದದ ಪ್ರತಿಯನ್ನೂ ತೆಗೆದಿಡಲಿ. ಮನೆಗಳಲ್ಲಿಯೂ ಅಷ್ಟೆ, ತಂತ್ರಾಂಶ ಉದ್ಯೋಗದಲ್ಲಿರುವ ಮಕ್ಕಳು ಊರಿಗೆ ಬಂದಾಗ ಎರಡು ದಿನವನ್ನು ಈ ಕಾರ್ಯಕ್ಕೆ ಕೊಟ್ಟರೆ ಅದು ಜ್ಞಾನದಾನವೇ ಆಗುತ್ತದೆ. ಹಳೆಯ ಕಡತವನ್ನು ಅಳಿಸುವ ನಿರ್ಧಾರವನ್ನು ಅದಾದ ಮೇಲೆ ತೆಗೆದುಕೊಳ್ಳೋಣ.